ಹುಲ್ಲುಗಾವಲಿಗೆ ಬಾಡಿಗೆ ಬರುತ್ತೆ, ಕಡಲಿಗೆ? ಕೀನ್ಯಾ ಪ್ರವಾಸೋದ್ಯಮದ ಒಳಲೆಕ್ಕ

ಪ್ರತಿ ವರ್ಷ ಜುಲೈ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೊ ಓಡಾಡಲು ಶುರುವಾಗುತ್ತದೆ. ಸಾವಿರಾರು ವೈಲ್ಡ್‌ಬೀಸ್ಟ್‌ಗಳು (ಹುಲ್ಲು ಹುಡುಕಿ ವಲಸೆ ಹೋಗುವ, ದನದಂಥ ಕಾಡುಪ್ರಾಣಿ) ದಡದಿಂದ ಕೀನ್ಯಾದ ಮಾರಾ ನದಿಗೆ ಧುಮುಕುತ್ತಿರುತ್ತವೆ. ನೀರಲ್ಲಿ ಮೊಸಳೆ ಕಾಯುತ್ತಿರುತ್ತದೆ. ಹಿಂದೆ ಯಾವುದೋ ಅಬ್ಬರದ ಸಂಗೀತ. ಆ ವಿಡಿಯೊ ತೋರಿಸದ ಒಂದು ಜಾಗವಿದೆ, ಅದು ಕ್ಯಾಮೆರಾ ನಿಂತಿರುವ ದಡ. ಅಲ್ಲಿ ಲ್ಯಾಂಡ್‌ಕ್ರೂಸರ್‌ಗಳು, ಚಾವಣಿ ಮೇಲೆತ್ತಿದ ವ್ಯಾನ್‌ಗಳು ಸಂತೆ ದಿನದ ಬಸ್‌ಸ್ಟ್ಯಾಂಡಿನ ಹಾಗೆ ಒತ್ತಿಕೊಂಡು ನಿಂತಿರುತ್ತವೆ. ಗಂಟೆಗಟ್ಟಲೆ ಏನೂ ಆಗುವುದಿಲ್ಲ. ಆಮೇಲೆ ಹಿಂಡಿನ ಮುಂದಿನ ಪ್ರಾಣಿಯೊಂದು ನೀರಿಗೆ ಕಾಲಿಟ್ಟಿತು ಅನ್ನುವಷ್ಟರಲ್ಲಿ ಅಷ್ಟೂ ಗಾಡಿಗಳು ಒಟ್ಟಿಗೆ ಸ್ಟಾರ್ಟ್ ಆಗಿ, ಧೂಳೆಬ್ಬಿಸಿ, ಒಳ್ಳೆ ಜಾಗ ಹಿಡಿಯಲು ನುಗ್ಗುತ್ತವೆ. ಎಷ್ಟೋ ಸಲ ಹಿಂಡು ಬೆದರಿ ವಾಪಸ್ ತಿರುಗಿಬಿಡುತ್ತದೆ. 2025ರ ಜುಲೈಯಲ್ಲಂತೂ ಜನ ಗಾಡಿಯಿಂದ ಇಳಿದು ದಡದ ಅಂಚಿಗೇ ಹೋಗಿ ಪ್ರಾಣಿಗಳಿಗೆ ದಾರಿ ಇಲ್ಲದ ಹಾಗೆ ನಿಂತ ದೃಶ್ಯ ಜಗತ್ತೆಲ್ಲ ಹರಿದಾಡಿತು. ಅದು ಗಡಿಯಾಚೆ ತಾಂಜಾನಿಯಾದ ಸೆರೆಂಗೆಟಿಯಲ್ಲಿ ನಡೆದದ್ದು. ಆದರೆ ನದಿ ಅದೇ, ಹಿಂಡು ಅದೇ, ಪ್ರವಾಸಿಗರೂ ಹೆಚ್ಚುಕಡಿಮೆ ಅದೇ ಥರದವರು.

ಇಂಥದ್ದು ನೋಡಿದಾಗ 'ಜನ ಜಾಸ್ತಿಯಾದರು, ಸಂಖ್ಯೆ ಕಡಿಮೆ ಮಾಡಿ' ಅಂತ ಥಟ್ಟನೆ ಅನಿಸುತ್ತದೆ. ಕೀನ್ಯಾದಲ್ಲಿ ಅದನ್ನೇ ಬೆಲೆಯ ಮೂಲಕ ಮಾಡಲು ಹೋಗಿದ್ದಾರೆ. ಮಸಾಯಿ ಮಾರಾ ರಾಷ್ಟ್ರೀಯ ಮೀಸಲು ಪ್ರದೇಶಕ್ಕೆ ವಿದೇಶಿಯರ ಪ್ರವೇಶ ಶುಲ್ಕ 2024ರಿಂದ ಜನವರಿ–ಜೂನ್‌ನಲ್ಲಿ 100 ಡಾಲರ್, ಜುಲೈ–ಡಿಸೆಂಬರ್‌ನಲ್ಲಿ 200 ಡಾಲರ್. 200 ಡಾಲರ್ ಅಂದರೆ ನಮ್ಮ ದುಡ್ಡಲ್ಲಿ ಒಬ್ಬರಿಗೆ ದಿನಕ್ಕೆ 17 ಸಾವಿರ ದಾಟುತ್ತದೆ. ಅದೂ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ. ನಾಲ್ಕು ಜನರ ಸಂಸಾರ ಮೂರು ದಿನ ಇದ್ದರೆ ಗೇಟಿಗೇ ಎಷ್ಟಾಯಿತು ಲೆಕ್ಕ ಹಾಕಿ.

ಆದರೂ ಗಾಡಿ ಕಡಿಮೆಯಾಗಿದೆಯಾ ಅಂದರೆ, ಆಗಸ್ಟ್‌ನ ನದಿ ದಡ ನೋಡಿದರೆ ಹಾಗೆ ಅನಿಸುವುದಿಲ್ಲ. ಅಷ್ಟು ದೂರದಿಂದ ವಿಮಾನ ಹತ್ತಿ ಬಂದವರು 100 ಡಾಲರ್ ಜಾಸ್ತಿ ಆಯಿತೆಂದು ವಾಪಸ್ ಹೋಗುತ್ತಾರಾ? ಆಮೇಲೆ ಈ ದುಡ್ಡು ಯಾರಿಗೆ ಸೇರುತ್ತದೆ ಅನ್ನುವುದು ಇನ್ನೊಂದು ಪ್ರಶ್ನೆ. ಮಾರಾ ಮೀಸಲು ಪ್ರದೇಶ ಸುಮಾರು 1,510 ಚದರ ಕಿಲೋಮೀಟರ್. ಅದು ನರೋಕ್ ಕೌಂಟಿಯ ಸುಪರ್ದಿಯಲ್ಲಿದೆ. ಕೌಂಟಿ ಅಂದರೆ ನಮ್ಮ ಜಿಲ್ಲಾ ಪಂಚಾಯಿತಿಗಿಂತ ಹೆಚ್ಚು ಅಧಿಕಾರ ಇರುವ ಸ್ಥಳೀಯ ಸರ್ಕಾರ ಅಂದುಕೊಳ್ಳಿ. ನದಿಯ ಪಶ್ಚಿಮಕ್ಕಿರುವ ಮಾರಾ ಟ್ರಯಾಂಗಲ್ ಭಾಗವನ್ನು ಮಾತ್ರ 2001ರಿಂದ ಲಾಭರಹಿತ ಸಂಸ್ಥೆಯೊಂದು ನೋಡಿಕೊಳ್ಳುತ್ತಿದೆ. ಗೇಟಿನ ದುಡ್ಡು ಹೀಗೆ ಕೌಂಟಿಯ ಖಜಾನೆ ಸೇರುತ್ತದೆ. ಮೀಸಲು ಪ್ರದೇಶದ ಗಡಿಯಾಚೆ ಸಿಂಹಕ್ಕೆ ಕರು ಕಳೆದುಕೊಂಡವನ ಜೇಬಿಗೆ ಅದರಲ್ಲಿ ಎಷ್ಟು ಬಂತು? ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ. ಬಿದಿರಿನ ಸ್ಟ್ರಾ, ಸೋಲಾರ್ ಗೀಸರ್, 'ಟವೆಲ್ ಮತ್ತೆ ಬಳಸಿ' ಅನ್ನುವ ಚೀಟಿ, ಇವೆಲ್ಲ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಪ್ರಾಣಿಯ ಪಕ್ಕದಲ್ಲಿ ಬದುಕುವವನಿಗೆ ಆ ಪ್ರಾಣಿಯಿಂದ ತಿಂಗಳಿಗೆ ಎಷ್ಟು ಬರುತ್ತದೆ, ಯಾರ ಕೈಯಿಂದ ಬರುತ್ತದೆ, ಅದನ್ನು ಕೇಳಿ ಪಡೆಯುವ ಹಕ್ಕು ಅವನಿಗಿದೆಯಾ, ಇದರ ಮೇಲೇ ಉಳಿದದ್ದೆಲ್ಲ ನಿಂತಿದೆ.

ಈ ಪ್ರಶ್ನೆಗೆ ಮಾರಾದಲ್ಲೇ ಒಂದು ಗಟ್ಟಿ ಉತ್ತರ ಹುಟ್ಟಿದೆ. ಅದು ಮೀಸಲು ಪ್ರದೇಶದ ಹೊರಗೆ ಹುಟ್ಟಿದ್ದು ಗಮನಿಸಬೇಕಾದ್ದು.

ಮೊದಲು ಜಮೀನಿನ ಕಥೆ. ಅಲ್ಲಿನ ದನಗಾಹಿ ಜನರಾದ ಮಸಾಯಿಗಳ ಹುಲ್ಲುಗಾವಲು ಹಿಂದೆ ನಮ್ಮ ಗೋಮಾಳದ ಥರ ಊರಿಗೆಲ್ಲ ಸೇರಿತ್ತು. 1968ರ ಕಾನೂನು ಅದನ್ನು 'ಗ್ರೂಪ್ ರ‍್ಯಾಂಚ್' ಅಂತ ಮಾಡಿ, ಒಂದೊಂದು ಗುಂಪಿನ ಹೆಸರಿಗೆ ಬರೆಯಿತು. 1990ರ ದಶಕದಿಂದೀಚೆಗೆ ಇವುಗಳನ್ನು ಒಡೆದು ಒಬ್ಬೊಬ್ಬರ ಹೆಸರಿಗೆ ಹಕ್ಕುಪತ್ರ ಮಾಡಿಕೊಟ್ಟರು. ಹಕ್ಕುಪತ್ರ ಕೈಗೆ ಬಂದ ಮೇಲೆ ಏನಾಗುತ್ತದೆ ಅಂತ ನಮಗೇನೂ ಹೊಸದಾಗಿ ಹೇಳಬೇಕಿಲ್ಲ. ಒಬ್ಬ ಬೇಲಿ ಹಾಕಿದ. ಇನ್ನೊಬ್ಬ ಗೋಧಿ ಬೆಳೆಯುವವರಿಗೆ ಗುತ್ತಿಗೆ ಕೊಟ್ಟ. ಮತ್ತೊಬ್ಬ ಮಾರಿಬಿಟ್ಟ. ಪ್ರಾಣಿಗಳಿಗೆ ಹಕ್ಕುಪತ್ರ ಓದಲು ಬರುವುದಿಲ್ಲವಲ್ಲ, ತಲತಲಾಂತರದಿಂದ ನಡೆದ ದಾರಿಯಲ್ಲೇ ಬಂದು ತಂತಿಗೆ ಸಿಕ್ಕಿ ಸತ್ತವು.

ಆಗ, 2005–06ರ ಹೊತ್ತಿಗೆ, ಮಾರಾದಲ್ಲಿ 'ಕನ್ಸರ್ವೆನ್ಸಿ' ಅನ್ನುವ ಏರ್ಪಾಡು ಬೇರೂರಲು ಶುರುವಾಯಿತು. ಓಲ್ ಕಿನ್ಯೇಯಿ, ಓಲಾರೆ ಓರೊಕ್ ಮೊದಲ ಸಾಲಿನವು. ಆಮೇಲೆ ಮಾರಾ ನಾರ್ತ್, ನಬೋಯಿಶೊ ಬಂದವು. ಲೆಕ್ಕ ಸರಳ. ಅಕ್ಕಪಕ್ಕದ ನೂರಾರು ಜಮೀನಿನ ಮಾಲೀಕರು ಒಟ್ಟಾಗಿ ತಮ್ಮ ಹುಲ್ಲುಗಾವಲನ್ನು ಕನ್ಸರ್ವೆನ್ಸಿಗೆ ಗುತ್ತಿಗೆ ಕೊಡುತ್ತಾರೆ. ಅಲ್ಲಿ ಮನೆ ಕಟ್ಟುವುದಿಲ್ಲ, ಬೇಲಿ ಹಾಕುವುದಿಲ್ಲ, ದನ ಮೇಯಿಸುವುದಕ್ಕೂ ಸರದಿ ಇರುತ್ತದೆ. ಬದಲಿಗೆ ಅಲ್ಲಿ ಕ್ಯಾಂಪ್ ನಡೆಸುವ ಕಂಪನಿಗಳು ಎಕರೆ ಲೆಕ್ಕದಲ್ಲಿ ಬಾಡಿಗೆ ಕಟ್ಟಬೇಕು. ಪ್ರವಾಸಿಗರು ಬರಲಿ ಬಿಡಲಿ, ಬಾಡಿಗೆ ಮಾತ್ರ ಮಾಲೀಕನ ಬ್ಯಾಂಕ್ ಖಾತೆಗೆ ನೇರವಾಗಿ ಬೀಳಬೇಕು. ಊರಿನ ಮುಖಂಡನ ಕೈಗಲ್ಲ. ಹಿಂದೆ ಗ್ರೂಪ್ ರ‍್ಯಾಂಚ್ ಕಾಲದಲ್ಲಿ ದುಡ್ಡು ಕಮಿಟಿಯ ನಾಲ್ಕು ಜನರಿಗೆ ಹೋಗಿ ಅಲ್ಲೇ ಇಂಗಿಹೋಗುತ್ತಿತ್ತು ಅನ್ನುವ ದೂರು ಜೋರಾಗಿತ್ತು, ಹಾಗಾಗಿ ಈ ಒಂದು ಬದಲಾವಣೆಗೇ ದೊಡ್ಡ ಬೆಲೆಯಿದೆ.

ಗಾಡಿ ನುಗ್ಗುವ ಸಮಸ್ಯೆಗೂ ಇಲ್ಲಿ ಬೇರೆಯೇ ದಾರಿ. ನಬೋಯಿಶೊದಲ್ಲಿ 350 ಎಕರೆಗೆ ಒಂದೇ ಟೆಂಟ್. ಒಂದು ಸಿಂಹದ ಸುತ್ತ ಐದಕ್ಕಿಂತ ಜಾಸ್ತಿ ಗಾಡಿ ನಿಲ್ಲುವಂತಿಲ್ಲ. ಗೇಟಿನಲ್ಲಿ ಬೆಲೆ ಏರಿಸಿ ಜನ ತಾವಾಗಿಯೇ ಕಡಿಮೆಯಾಗಲಿ ಅಂತ ಕಾಯುವ ಬದಲು ಹಾಸಿಗೆಯ ಸಂಖ್ಯೆಯನ್ನೇ ಕಟ್ಟಿಹಾಕಿದ್ದಾರೆ. ಹಾಸಿಗೆ ಇಲ್ಲದಿದ್ದರೆ ಜನ ಇಲ್ಲ, ಜನ ಇಲ್ಲದಿದ್ದರೆ ಗಾಡಿ ಇಲ್ಲ. ಇವತ್ತು ಮಾರಾದ ಕನ್ಸರ್ವೆನ್ಸಿಗಳನ್ನೆಲ್ಲ ಸೇರಿಸಿದರೆ ಮೀಸಲು ಪ್ರದೇಶಕ್ಕೆ ಸಮನಾಗುವಷ್ಟು ಜಾಗವಾಗುತ್ತದೆ. ಸಿಂಹಗಳ ಬಗ್ಗೆ 2016ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಕನ್ಸರ್ವೆನ್ಸಿಯ ಸದಸ್ಯ ಮನೆಗಳು ಜಾಸ್ತಿ ಇದ್ದ ಕಡೆ ಸಿಂಹ ಬದುಕುಳಿಯುವ ಸಾಧ್ಯತೆಯೂ ಜಾಸ್ತಿ. ಬಾಡಿಗೆ ಬರುವ ಮನೆಯವನು ವಿಷ ಇಡಲು ಎರಡು ಸಲ ಯೋಚಿಸುತ್ತಾನೆ, ಅಷ್ಟೇ.

ಇಲ್ಲಿ ನಮ್ಮ ಊರು ನೆನಪಾಗದೇ ಇರುವುದಿಲ್ಲ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ರೈತರು ಸತ್ತ ಮೇಲೆ ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಿದರಲ್ಲ, ಆಗ ಒಂದು ಕಡೆ ರೆಸಾರ್ಟಿನವರು, ಇನ್ನೊಂದು ಕಡೆ ಕಾಡಂಚಿನ ರೈತರು ಎದುರುಬದುರು ನಿಂತರು. ನಮ್ಮಲ್ಲಿ ಕಾಡು ಸರ್ಕಾರದ್ದು, ಸಫಾರಿ ಟಿಕೆಟ್ಟಿನ ದುಡ್ಡು ಇಲಾಖೆಯ ಕಡೆಗೆ, ರೂಮ್ ಬಾಡಿಗೆ ರೆಸಾರ್ಟಿಗೆ. ರಾಗಿ ಹೊಲಕ್ಕೆ ಆನೆ ನುಗ್ಗಿದವನಿಗೆ ಪರಿಹಾರದ ಅರ್ಜಿ ನಮೂನೆ. ಪ್ರವಾಸಿ ಬಂದರೆ ಆ ರೈತನಿಗೆ ಲಾಭವಿಲ್ಲ, ಬರದಿದ್ದರೆ ನಷ್ಟವಿಲ್ಲ. ಅಂಥವನು ಸಫಾರಿ ನಿಲ್ಲಿಸಿ ಅಂದರೆ ಅದರಲ್ಲಿ ಆಶ್ಚರ್ಯ ಏನಿದೆ? ಮಾರಾದ ಕನ್ಸರ್ವೆನ್ಸಿಯನ್ನು ತಂದು ಗುಂಡ್ಲುಪೇಟೆಯಲ್ಲಿ ನೆಡಲು ಆಗುವುದಿಲ್ಲ ಅನ್ನುವುದು ನಿಜ. ನಮ್ಮ ಒಂದೆರಡು ಎಕರೆಯ ಹಿಡುವಳಿ ಎಲ್ಲಿ, ಅಲ್ಲಿನ ನೂರಿನ್ನೂರು ಎಕರೆಯ ಹುಲ್ಲುಗಾವಲು ಎಲ್ಲಿ. ಆದರೆ ಆ ರೈತ ಈ ವ್ಯವಹಾರದಲ್ಲಿ ಪಾಲುದಾರನೋ ಸಂತ್ರಸ್ತನೋ ಅನ್ನುವ ಪ್ರಶ್ನೆಗೆ ಗಡಿಯಿಲ್ಲ.

ಇಷ್ಟು ಹೇಳಿ ಮುಗಿಸಿದರೆ ಇದು ಬ್ರೋಷರ್ ಆಗಿಬಿಡುತ್ತದೆ. ಕನ್ಸರ್ವೆನ್ಸಿಯ ಹುಳುಕುಗಳನ್ನೂ ನೋಡೋಣ.

ಹಕ್ಕುಪತ್ರ ಯಾರ ಹೆಸರಲ್ಲಿದೆಯೋ ಬಾಡಿಗೆ ಅವರಿಗೆ. ಹಕ್ಕುಪತ್ರ ಬಹುಪಾಲು ಗಂಡಸರ ಹೆಸರಲ್ಲಿದೆ. ಹಾಗಾಗಿ ಹೆಂಗಸರಿಗೆ ಸಿಗುವುದು ಮಣಿಸರ ಮಾರಿ ಬರುವ ಪುಡಿಗಾಸು, ಇಲ್ಲವೇ ಕ್ಯಾಂಪಿನಲ್ಲೊಂದು ಕೆಲಸ. ಜಮೀನು ಹಂಚುವಾಗ ಹೆಸರು ಬಿಟ್ಟುಹೋದವರ ಪಾಡಂತೂ ಕೇಳುವುದೇ ಬೇಡ. ಎರಡನೆಯದು ದನ. ಮಸಾಯಿಗೆ ದನ ಅಂದರೆ ಬ್ಯಾಂಕೂ ಹೌದು, ಮರ್ಯಾದೆಯೂ ಹೌದು. ಬರಗಾಲದಲ್ಲಿ ಕಣ್ಣೆದುರೇ ಹುಲ್ಲು ಇದ್ದು, 'ಇವತ್ತು ನಿಮ್ಮ ಸರದಿ ಅಲ್ಲ, ಅತಿಥಿಗಳಿದ್ದಾರೆ' ಅಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಉತ್ತರದ ಇಸಿಯೋಲೊ ಕಡೆ ಸಮುದಾಯದ ಜಮೀನಿನ ಮೇಲೆ ಸರಿಯಾಗಿ ಜನರನ್ನು ಕೇಳದೇ ಕನ್ಸರ್ವೆನ್ಸಿ ಮಾಡಿದರೆಂದು ಕೆಲವರು ಕೋರ್ಟಿಗೆ ಹೋದರು, 2025ರ ಜನವರಿಯಲ್ಲಿ ಎರಡು ಕನ್ಸರ್ವೆನ್ಸಿಗಳ ಸ್ಥಾಪನೆ ಕಾನೂನುಬಾಹಿರ ಅಂತ ತೀರ್ಪೂ ಬಂತು. ಹೆಸರು ಒಂದೇ ಇದ್ದ ಮಾತ್ರಕ್ಕೆ ಎಲ್ಲ ಕನ್ಸರ್ವೆನ್ಸಿಯೂ ಒಂದೇ ಅಲ್ಲ. ಒಂದು ಕಡೆ ಜಮೀನಿನವನೇ ಸಹಿ ಹಾಕಿರುತ್ತಾನೆ, ಇನ್ನೊಂದು ಕಡೆ ಸಹಿ ಯಾರದ್ದೋ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಈ ಇಡೀ ಏರ್ಪಾಡು ವಿಮಾನಗಳ ಮೇಲೆ ನಿಂತಿದೆ. 2020ರಲ್ಲಿ ಕೋವಿಡ್ ಬಂದು ವಿದೇಶಿ ಪ್ರವಾಸಿಗರ ಸಂಖ್ಯೆ ಶೇ 70ಕ್ಕೂ ಜಾಸ್ತಿ ಕುಸಿಯಿತು. ಕ್ಯಾಂಪ್‌ಗಳು ಬಾಗಿಲು ಹಾಕಿದವು. 'ಪ್ರವಾಸಿಗರು ಬರಲಿ ಬಿಡಲಿ' ಅಂತ ಬರೆದಿದ್ದ ಬಾಡಿಗೆಯನ್ನು ಹಲವು ಕಡೆ ಅರ್ಧಕ್ಕಿಳಿಸಿದರು, ಕೆಲವು ಕಡೆ ನಿಲ್ಲಿಸಿದರು. ಕಾಗದದ ಮೇಲಿನ ಖಾತರಿ ಕಂಪನಿಯ ಗಲ್ಲಾಪೆಟ್ಟಿಗೆಯಷ್ಟೇ ಗಟ್ಟಿ ಅಂತ ಜನರಿಗೆ ಆವಾಗ ಗೊತ್ತಾಯಿತು. ಬಾಡಿಗೆಯನ್ನೇ ನಂಬಿ ದನ ಕಡಿಮೆ ಮಾಡಿಕೊಂಡಿದ್ದವನು ಆ ವರ್ಷ ಏನು ತಿಂದ?

ಹಾಗಿದ್ದರೂ ಬೇರೆ ದಾರಿ ಯಾಕಿಲ್ಲ ಅಂತ ಕೇಳಬಹುದು. ಇದಕ್ಕೆ ಕೀನ್ಯಾದ್ದೇ ಆದ ಹಿನ್ನೆಲೆ ಇದೆ. 1977ರಲ್ಲಿ ಅಲ್ಲಿ ಬೇಟೆಯನ್ನು ಪೂರ್ತಿ ನಿಷೇಧಿಸಿದರು. ತಾಂಜಾನಿಯಾ, ನಮೀಬಿಯಾಗಳಲ್ಲಿ ಶ್ರೀಮಂತ ಬೇಟೆಗಾರರು ಲಕ್ಷಗಟ್ಟಲೆ ಕೊಟ್ಟು ಲೈಸೆನ್ಸ್ ಪಡೆದು ಬೇಟೆಯಾಡುತ್ತಾರೆ, ಅದರಲ್ಲಿ ಒಂದು ಪಾಲು ಸ್ಥಳೀಯರಿಗೂ ಹೋಗುತ್ತದೆ. ಕೀನ್ಯಾ ಆ ಬಾಗಿಲು ಮುಚ್ಚಿತು. 1989ರಲ್ಲಿ ಅಧ್ಯಕ್ಷ ಡೇನಿಯಲ್ ಅರಾಪ್ ಮೊಯಿ ದಂತದ ವ್ಯಾಪಾರವೂ ಬೇಡ ಅಂತ 12 ಟನ್ ಆನೆದಂತಕ್ಕೆ ಬೆಂಕಿ ಇಟ್ಟರು. 2016ರಲ್ಲಿ ಉಹುರು ಕೆನ್ಯಾಟ ಕಾಲದಲ್ಲಿ ನೈರೋಬಿ ರಾಷ್ಟ್ರೀಯ ಉದ್ಯಾನದಲ್ಲಿ 105 ಟನ್ ಸುಟ್ಟರು. ಒಳ್ಳೆಯದೋ ಕೆಟ್ಟದ್ದೋ, ಕೀನ್ಯಾದಲ್ಲಿ ಕಾಡುಪ್ರಾಣಿಯಿಂದ ದುಡ್ಡು ಬರಬೇಕಾದರೆ ಕ್ಯಾಮೆರಾದಿಂದಲೇ ಬರಬೇಕು. ಪ್ರಾಣಿ ಸರ್ಕಾರದ್ದು, ಅದು ತಿನ್ನುವ ಹುಲ್ಲು ಮಸಾಯಿಯದ್ದು. ಅಲ್ಲಿನ ಕಾಡುಪ್ರಾಣಿಗಳಲ್ಲಿ ಸುಮಾರು ಮೂರನೇ ಎರಡು ಭಾಗ ಬದುಕುವುದು ರಕ್ಷಿತ ಪ್ರದೇಶದ ಹೊರಗೆ, ಇಂಥ ಜಮೀನುಗಳಲ್ಲೇ. 1977ರಿಂದ 2016ರವರೆಗಿನ ಗಣತಿಗಳನ್ನು ಹೋಲಿಸಿ ನೋಡಿದ ವಿಜ್ಞಾನಿಗಳಿಗೆ ಕಂಡದ್ದು ಸರಾಸರಿ ಶೇ 68ರಷ್ಟು ಇಳಿಕೆ. ಬೇಟೆ ನಿಷೇಧವಾದ ವರ್ಷದಿಂದಲೇ ಶುರುವಾಗುವ ಲೆಕ್ಕ ಇದು. ನಿಷೇಧದಿಂದ ಹೀಗಾಯಿತು ಅನ್ನುವುದು ಆತುರದ ಮಾತು, ಜನಸಂಖ್ಯೆ, ಬೇಲಿ, ದನ, ಬರ ಎಲ್ಲ ಸೇರಿವೆ. ಆದರೆ ನಿಷೇಧವೊಂದರಿಂದಲೇ ಪ್ರಾಣಿ ಉಳಿಯಲಿಲ್ಲ ಅನ್ನುವುದಂತೂ ಖಚಿತ.

2013ರ ವನ್ಯಜೀವಿ ಕಾನೂನು ಎರಡು ಕೆಲಸ ಮಾಡಿತು. ಕನ್ಸರ್ವೆನ್ಸಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಕಾಡುಪ್ರಾಣಿಯಿಂದ ಸತ್ತರೆ 50 ಲಕ್ಷ ಶಿಲ್ಲಿಂಗ್, ಕಾಯಂ ಅಂಗವಿಕಲರಾದರೆ 30 ಲಕ್ಷ ಶಿಲ್ಲಿಂಗ್ ಪರಿಹಾರ ಅಂತ ಬರೆಯಿತು. ಬರೆದದ್ದು ಜೋರಾಗಿದೆ, ಕೈಗೆ ಬರಲು ವರ್ಷಗಟ್ಟಲೆ ಕಾಯಬೇಕು. (ಇದೂ ನಮಗೆ ಹೊಸದಲ್ಲ.) ಅಷ್ಟರಲ್ಲಿ ಜನ ತಮ್ಮ ದಾರಿ ತಾವೇ ನೋಡಿಕೊಳ್ಳುತ್ತಾರೆ. ನೈರೋಬಿ ಉದ್ಯಾನದ ಪಕ್ಕದ ಕಿಟೆಂಗೆಲಾದಲ್ಲಿ ರಿಚರ್ಡ್ ತುರೇರೆ ಅನ್ನುವ ಮಸಾಯಿ ಹುಡುಗ ದನದ ದೊಡ್ಡಿಯ ಸುತ್ತ ಸಣ್ಣ ಬಲ್ಬುಗಳನ್ನು ಕಟ್ಟಿ, ಒಂದಾದ ಮೇಲೊಂದು ಮಿನುಗುವ ಹಾಗೆ ಮಾಡಿದ. ಯಾರೋ ಟಾರ್ಚ್ ಹಿಡಿದು ಓಡಾಡುತ್ತಿದ್ದಾರೆಂದು ಸಿಂಹ ಹತ್ತಿರ ಬರಲಿಲ್ಲ. ಹಳೆ ಕಾರಿನ ಬ್ಯಾಟರಿ, ಗಾಡಿಯ ಇಂಡಿಕೇಟರ್ ಪೆಟ್ಟಿಗೆ, ಒಂದು ಸೋಲಾರ್ ಫಲಕ, ಇಷ್ಟೇ ಸಾಮಾನು.

ಈಗ ಕಡಲಿನ ಕಡೆ ಬರೋಣ.

ಕೀನ್ಯಾಕ್ಕೆ 500 ಕಿಲೋಮೀಟರಿಗೂ ಉದ್ದದ ಕರಾವಳಿ ಇದೆ. ಮೊಂಬಾಸಾದ ದಕ್ಷಿಣಕ್ಕೆ ದಿಯಾನಿ, ಉತ್ತರಕ್ಕೆ ಕಿಲಿಫಿ, ವಟಾಮು, ಮಲಿಂದಿ, ಇನ್ನೂ ಮೇಲಕ್ಕೆ ಲಾಮು. ಹಿಟ್ಟಿನ ಹಾಗೆ ಬಿಳಿ ಮರಳು, ಅದರಾಚೆ ಹವಳದ ದಿಬ್ಬ. ನಮ್ಮ ಕರಾವಳಿಯವರು ಅಲ್ಲಿಗೆ ಹೋದರೆ ಅರ್ಧ ಮನೆಗೆ ಬಂದಂತೆಯೇ. ತೆಂಗು, ಮಾವು, ಗೋಡಂಬಿ, ಸೆಕೆ, ಎಲ್ಲ ಇದೆ. ರಸ್ತೆ ತುಂಬ ನಮ್ಮ ಬಜಾಜ್, ಟಿವಿಎಸ್ ಆಟೊಗಳು, ಅವರು ಟುಕ್‌ಟುಕ್ ಅನ್ನುತ್ತಾರೆ. ಹಳೆ ಕಟ್ಟಡಗಳ ಮೇಲೆ ಮಂಗಳೂರು ಹಂಚು. ಹಡಗಿನಲ್ಲಿ ಪೂರ್ವ ಆಫ್ರಿಕಾಕ್ಕೆ ಹೋದ ಆ ಹಂಚಿನ ಹೆಸರು ಅಲ್ಲಿ ಇವತ್ತಿಗೂ ಅದೇ.

ಆದರೆ ದಿಯಾನಿಯ ಬೀಚಿನಲ್ಲಿ ಸುಮ್ನೆ ಅರ್ಧ ಗಂಟೆ ನಡೆದು ನೋಡಿ. ಒಂದು ಕಡೆ ಹೋಟೆಲಿನ ಗೋಡೆ, ಅದರೊಳಗೆ ಹುಲ್ಲುಹಾಸು, ಈಜುಕೊಳ, ಕೈಗೆ ಬಣ್ಣದ ಪಟ್ಟಿ ಕಟ್ಟಿಕೊಂಡ ಅತಿಥಿಗಳು. ಊಟ, ಕುಡಿತ, ಆಟ ಎಲ್ಲದಕ್ಕೂ ಅವರು ಯುರೋಪಿನಲ್ಲೇ ದುಡ್ಡು ಕಟ್ಟಿ ಬಂದಿರುತ್ತಾರೆ. ಗೋಡೆಯಾಚೆ, ಉಬ್ಬರದ ಗೆರೆಯ ಕೆಳಗೆ, ಕಂಗಾ ಬಟ್ಟೆ ಹೆಗಲ ಮೇಲೆ ಹಾಕಿಕೊಂಡವರು, ಕೀಸಿ ಕಡೆಯ ಮೆದುಗಲ್ಲಿನ ಆನೆ ಮಾರುವವರು, ಒಂಟೆ ಹಿಡಿದುಕೊಂಡು ನಿಂತವರು, ದೋಣಿಯಲ್ಲಿ ಕರೆದೊಯ್ಯುತ್ತೇನೆ ಬಾ ಅನ್ನುವ ಹುಡುಗರು. ಅತಿಥಿ ಮೆಟ್ಟಿಲಿಳಿದು ಮರಳಿಗೆ ಕಾಲಿಟ್ಟರೆ ಸಾಕು, ಹತ್ತು ಜನ ಸುತ್ತಿಕೊಳ್ಳುತ್ತಾರೆ. ಅತಿಥಿಗೆ ಕಿರಿಕಿರಿಯಾಗಿ ವಾಪಸ್ ಗೋಡೆಯೊಳಗೆ. ಆಮೇಲೆ ಹೋಟೆಲಿನವರು 'ಬೀಚ್ ಬಾಯ್ಸ್ ಹಾವಳಿ' ಅಂತ ದೂರು ಕೊಡುತ್ತಾರೆ. ಹಾವಳಿ ನಿಜವೇ. ಆದರೆ ಬಂದ ದುಡ್ಡೆಲ್ಲ ಗೋಡೆಯೊಳಗೇ ಸುತ್ತುತ್ತಿದ್ದರೆ, ಹೊರಗೆ ನಿಂತವನು ಮೈಮೇಲೆ ಬಿದ್ದು ಮಾರದೆ ಇನ್ನೇನು ಮಾಡಬೇಕು?

ಮಾರಾದಲ್ಲಿ ಆದದ್ದು ಇಲ್ಲಿ ಯಾಕಾಗಲಿಲ್ಲ? ಮತ್ತೆ ಜಮೀನಿಗೇ ಬರಬೇಕು. ಕರಾವಳಿಯ ಹತ್ತು ಮೈಲಿ ಅಗಲದ ಪಟ್ಟಿ 1963ರವರೆಗೂ ಹೆಸರಿಗೆ ಜಂಜಿಬಾರ್ ಸುಲ್ತಾನನದು, ಆಳುತ್ತಿದ್ದದ್ದು ಬ್ರಿಟಿಷರು. 1908ರಲ್ಲಿ ಬಂದ ಭೂ ಹಕ್ಕಿನ ಕಾನೂನು, ಕಾಗದ ಇದ್ದವರು ಬಂದು ತಮ್ಮ ಜಮೀನು ನೋಂದಾಯಿಸಿಕೊಳ್ಳಿ ಅಂದಿತು. ಊರೊಟ್ಟಿಗೆ ಜಮೀನು ಅನುಭವಿಸಿಕೊಂಡು ಬಂದಿದ್ದ ಮಿಜಿಕೆಂಡ ಜನರ ಹತ್ತಿರ ಕಾಗದ ಎಲ್ಲಿಂದ ಬರಬೇಕು? ಅಜ್ಜನ ಕಾಲದಿಂದ ಉಳುತ್ತಿದ್ದ ನೆಲದಲ್ಲೇ ಅವರು ಒತ್ತುವರಿದಾರರಾದರು. ನಮ್ಮ ಬಗರ್‌ಹುಕುಂ ಸಾಗುವಳಿದಾರರ ಪಾಡು ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಸ್ವಾತಂತ್ರ್ಯ ಬಂದ ಮೇಲೆ ಕಡಲಂಚಿನ ಒಳ್ಳೊಳ್ಳೆ ಪ್ಲಾಟುಗಳು ಅಧಿಕಾರದ ಹತ್ತಿರ ಇದ್ದವರ ಪಾಲಾದವು ಅನ್ನುವ ಆರೋಪ ಹಳೆಯದು, ಸಾರ್ವಜನಿಕ ಜಮೀನಿನ ಅಕ್ರಮ ಹಂಚಿಕೆ ಬಗ್ಗೆ 2004ರಲ್ಲಿ ಎಂಡುಂಗು ಆಯೋಗದ ವರದಿಯೇ ಬಂತು.

ಹಾಗಾಗಿ ಮಸಾಯಿಗೆ ಬಾಡಿಗೆ ಕೇಳಲು ಹಕ್ಕುಪತ್ರ ಇದೆ. ಕರಾವಳಿಯ ಮೀನುಗಾರನಿಗೆ ಅದಿಲ್ಲ. ಮರಳು ಸಾರ್ವಜನಿಕ, ಕಡಲು ಸರ್ಕಾರದ್ದು, ಹೋಟೆಲಿನ ನೆಲ ಇನ್ಯಾರದ್ದೋ. ಇಡೀ ಪ್ರವಾಸೋದ್ಯಮ ಮಾರುತ್ತಿರುವುದು ಹವಳ, ಮೀನು, ಆಮೆ, ತಿಳಿನೀರು. ಅವುಗಳ ಜೊತೆ ದಿನಾ ಬದುಕುವವನಿಗೆ ಮಾತ್ರ ಅವುಗಳಿಂದ ಬಾಡಿಗೆ ಇಲ್ಲ. 1968ರಲ್ಲೇ ಮಲಿಂದಿ ಮತ್ತು ವಟಾಮುವಿನಲ್ಲಿ ಕೀನ್ಯಾದ ಮೊದಲ ಕಡಲ ಉದ್ಯಾನಗಳಾದವು, ಒಳ್ಳೆಯ ಕೆಲಸ. ಆದರೆ ಅಲ್ಲಿ ಬಲೆ ಬೀಸುತ್ತಿದ್ದವರಿಗೆ ಅದು ಮೊದಲು ಕಂಡದ್ದು 'ಇನ್ನು ಇಲ್ಲಿಗೆ ಬರಬೇಡಿ' ಅನ್ನುವ ಬೋರ್ಡಾಗಿ.

ನನಗೆ ಕೀನ್ಯಾದ ಕರಾವಳಿಯಲ್ಲಿ ಕುತೂಹಲ ಹುಟ್ಟಿಸುವುದು ಈ ಕೊರತೆಯನ್ನು ಸುತ್ತಿ ಹೋಗಲು ಜನ ಹುಡುಕಿಕೊಂಡ ಸಣ್ಣ ಸಣ್ಣ ದಾರಿಗಳು. ಹಕ್ಕುಪತ್ರ ಇಲ್ಲದೆಯೂ ಬಾಡಿಗೆಯಂಥದ್ದೇನನ್ನೋ ಹುಟ್ಟಿಸುವ ಪ್ರಯತ್ನಗಳು ಇವು.

ಕಿಲಿಫಿ ಕೌಂಟಿಯ ಕುರುವಿತುದಲ್ಲಿ ಮೀನು ಸಿಗುವುದು ತೀರಾ ಕಡಿಮೆಯಾದಾಗ ಊರಿನವರೇ 2003ರಲ್ಲಿ ಸಂಘ ಕಟ್ಟಿಕೊಂಡರು. 2005ರಲ್ಲಿ ದಡದ ಹತ್ತಿರದ 30 ಹೆಕ್ಟೇರ್ ಕಡಲನ್ನು 'ಇಲ್ಲಿ ಯಾರೂ ಹಿಡಿಯುವಂತಿಲ್ಲ' ಅಂತ ತಾವಾಗಿಯೇ ಮುಚ್ಚಿದರು. ಶುರುವಿನಲ್ಲಿ ಊರೊಳಗೇ ಜಗಳ. ಇದ್ದದ್ದನ್ನೂ ಮುಚ್ಚಿದರೆ ಹೊಟ್ಟೆಗೇನು ಅಂತ. ಕೆಲವು ವರ್ಷದಲ್ಲಿ ಹವಳ ಚೇತರಿಸಿಕೊಂಡು, ಮೀನು ಮುಚ್ಚಿದ ಜಾಗದಿಂದ ಆಚೆಯೂ ಸಿಗಲು ಶುರುವಾಯಿತು, ಸ್ನಾರ್ಕೆಲಿಂಗ್‌ಗೆ ಜನ ಬರತೊಡಗಿದರು. 2017ರಲ್ಲಿ ವಿಶ್ವಸಂಸ್ಥೆಯ ಯುಎನ್‌ಡಿಪಿ ಕೊಡುವ ಇಕ್ವೇಟರ್ ಪ್ರಶಸ್ತಿಯೂ ಬಂತು. ಪ್ರಶಸ್ತಿ ಇರಲಿ. ಕಡಲಿನ ಒಂದು ತುಂಡಿಗೆ ತಾವೇ ಯಜಮಾನರು ಅನ್ನುವ ಹಾಗೆ ನಡೆದುಕೊಂಡು, ಆಮೇಲೆ ಸರ್ಕಾರದ ಹತ್ತಿರ ಒಪ್ಪಿಗೆ ಗಿಟ್ಟಿಸಿಕೊಂಡರಲ್ಲ, ಅದು ನನಗೆ ದೊಡ್ಡದಾಗಿ ಕಂಡಿತು.

ವಟಾಮುವಿನಲ್ಲಿ ಇನ್ನೊಂದು ಥರ. ಬಲೆಗೆ ಕಡಲಾಮೆ ಸಿಕ್ಕರೆ ಮೀನುಗಾರ ಅಲ್ಲಿನ ಸಂರಕ್ಷಣಾ ತಂಡಕ್ಕೆ ಫೋನ್ ಮಾಡುತ್ತಾನೆ. ತಂಡದವರು ಬಂದು ಆಮೆಯನ್ನು ತೂಗಿ, ಅಳೆದು, ರೆಕ್ಕೆಗೆ ಟ್ಯಾಗ್ ಹಾಕಿ, ಗಾಯವಿದ್ದರೆ ಚಿಕಿತ್ಸೆಗೆ ಒಯ್ದು, ಇಲ್ಲದಿದ್ದರೆ ಉದ್ಯಾನದೊಳಗೆ ನೀರಿಗೆ ಬಿಡುತ್ತಾರೆ. ಮೀನುಗಾರನಿಗೆ ಅವನ ಫೋನ್ ಖರ್ಚು, ಹಾಳಾದ ಸಮಯಕ್ಕೆ ಅಂತ ಸ್ವಲ್ಪ ದುಡ್ಡು. ಆಮೆಯ ಮಾಂಸಕ್ಕೆ ಸಿಗುವ ಬೆಲೆಗಿಂತ ಅದು ಕಡಿಮೆಯೇ. ಬೇಕಂತಲೇ ಆ ಮಟ್ಟದಲ್ಲಿ ಇಟ್ಟಿದ್ದಾರೆ, ಜಾಸ್ತಿ ಕೊಟ್ಟರೆ ಆಮೆ ಹಿಡಿಯುವುದೇ ಕಸುಬಾಗಿಬಿಡುತ್ತದೆ. ಹೀಗೆ ಸಾವಿರಾರು ಆಮೆಗಳು ವಾಪಸ್ ಕಡಲಿಗೆ ಹೋಗಿವೆ.

ಅಲ್ಲೇ ಪಕ್ಕದ ಅರಬುಕೊ–ಸೊಕೊಕೆ ಕಾಡಿನಂಚಿನಲ್ಲಿ 1993ರಿಂದ ಕಿಪೆಪೆಯೊ ಯೋಜನೆ ನಡೆಯುತ್ತಿದೆ. ಕಿಪೆಪೆಯೊ ಅಂದರೆ ಸ್ವಾಹಿಲಿಯಲ್ಲಿ ಚಿಟ್ಟೆ. ರೈತರು ಬಲೆಯ ಪಂಜರದಲ್ಲಿ ಚಿಟ್ಟೆ ಸಾಕಿ ಕೋಶಗಳನ್ನು ಮಾರುತ್ತಾರೆ, ಅವು ಹತ್ತಿಯಲ್ಲಿ ಸುತ್ತಿಸಿಕೊಂಡು ಯುರೋಪ್, ಅಮೆರಿಕದ ಚಿಟ್ಟೆ ಮನೆಗಳಿಗೆ ಹಾರುತ್ತವೆ. ರೇಷ್ಮೆ ಗೊತ್ತಿರುವ ರಾಮನಗರದವರಿಗೆ ಈ ಕೆಲಸ ಅಪರಿಚಿತ ಅನಿಸಲಾರದು. ಚಿಟ್ಟೆಯ ಹುಳಕ್ಕೆ ಬೇಕಾದ ಸೊಪ್ಪು ಕಾಡಿನದು, ಹಾಗಾಗಿ ಕಾಡು ಕಡಿದರೆ ನಷ್ಟ ರೈತನಿಗೇ.

ಎಲ್ಲಕ್ಕಿಂತ ಮುಂದೆ ಹೋದದ್ದು ದಿಯಾನಿಯಿಂದ ದಕ್ಷಿಣಕ್ಕಿರುವ ಗಾಜಿ ಅನ್ನುವ ಮೀನುಗಾರರ ಹಳ್ಳಿ. ಅಲ್ಲಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ 117 ಹೆಕ್ಟೇರ್‌ ಮೇಲೆ 2013ರಲ್ಲಿ 'ಮಿಕೊಕೊ ಪಮೋಜ' ಯೋಜನೆ ಶುರುವಾಯಿತು. ಹೆಸರಿನ ಅರ್ಥ 'ಕಾಂಡ್ಲಾ, ಎಲ್ಲರೂ ಸೇರಿ'. ಕಾಂಡ್ಲಾ ಗಿಡಗಳು ಹೀರಿ ಕೆಸರಿನಲ್ಲಿ ಹೂತಿಡುವ ಇಂಗಾಲವನ್ನು ಲೆಕ್ಕ ಹಾಕಿ, ವರ್ಷಕ್ಕೆ ಸುಮಾರು 3,000 ಟನ್‌ನಷ್ಟು ಕಾರ್ಬನ್ ಕ್ರೆಡಿಟ್ ಮಾರುತ್ತಾರೆ, ಅಂದರೆ ಬೇರೆಡೆ ಹೊಗೆ ಬಿಡುವವರು ಅದಕ್ಕೆ ಬದಲಾಗಿ ದುಡ್ಡು ಕೊಟ್ಟು ಕೊಳ್ಳುವ ಲೆಕ್ಕಪತ್ರ. ಕಾಂಡ್ಲಾದ ಇಂಗಾಲವನ್ನು ಹೀಗೆ ಸಮುದಾಯವೇ ಮಾರಿದ್ದು ಜಗತ್ತಿನಲ್ಲಿ ಇದೇ ಮೊದಲು. ಬಂದ ದುಡ್ಡು ನೀರಿನ ನಲ್ಲಿಗೆ, ಶಾಲೆಯ ಪುಸ್ತಕಕ್ಕೆ, ಹೊಸ ಗಿಡ ನೆಡುವುದಕ್ಕೆ. ಯಾವುದಕ್ಕೆ ಎಷ್ಟು ಅಂತ ಊರಿನ ಸಭೆಯಲ್ಲೇ ತೀರ್ಮಾನ. ಅಲ್ಲೇ ಹೆಂಗಸರ ಗುಂಪೊಂದು ಕಾಂಡ್ಲಾದ ನಡುವೆ ಹಲಗೆಯ ಕಾಲುದಾರಿ ಮಾಡಿದೆ. ಬಂದವರನ್ನು ಕರೆದುಕೊಂಡು ಹೋಗಿ, ಗಿಡಗಳ ಹೆಸರು ಹೇಳಿ, ಕೊನೆಗೆ ತೆಂಗಿನಹಾಲಿನ ಮೀನು ಸಾರು, ಅನ್ನ ಬಡಿಸುತ್ತಾರೆ. ಕೈಗೆ ಪಟ್ಟಿ ಕಟ್ಟಿಕೊಂಡ ಅತಿಥಿ ದಿಯಾನಿಯ ಗೋಡೆ ದಾಟಿ ಒಂದು ಗಂಟೆ ಪ್ರಯಾಣ ಮಾಡಿದರೆ ಇಲ್ಲಿಗೆ ಬರಬಹುದು, ಬರುವವರು ಮಾತ್ರ ಕಡಿಮೆ. ಆದರೆ ಈ ಹಳ್ಳಿಗೆ ಒಂದು ಅನುಕೂಲ ಇದೆ. ಪ್ರವಾಸಿ ಬರದಿದ್ದ ವರ್ಷವೂ ಗಿಡ ಇಂಗಾಲ ಹೀರುತ್ತಲೇ ಇರುತ್ತದೆ. ಕಾರ್ಬನ್ ಮಾರುಕಟ್ಟೆಯ ಬಗ್ಗೆ ನನಗೆ ನೂರೆಂಟು ಅನುಮಾನಗಳಿವೆ, ಬೆಲೆ ಬಿದ್ದರೆ ಇದೂ ಬೀಳುತ್ತದೆ. ಆದರೂ ಒಂದೇ ಕಾಲಿನ ಮೇಲೆ ನಿಲ್ಲುವುದಕ್ಕಿಂತ ಎರಡು ಕಾಲು ವಾಸಿ ಅಲ್ವಾ?

ಕಡಲ ಕಡೆಯ ಪ್ರವಾಸಿಗರು ಎಷ್ಟು ಬೇಗ ಮಾಯವಾಗುತ್ತಾರೆ ಅನ್ನುವುದು ಅಲ್ಲಿನವರಿಗೆ ಕೋವಿಡ್‌ಗಿಂತ ಮೊದಲೇ ಗೊತ್ತಿತ್ತು. 2013ರಲ್ಲಿ ನೈರೋಬಿಯ ವೆಸ್ಟ್‌ಗೇಟ್ ಮಾಲ್ ಮೇಲೆ, 2014ರಲ್ಲಿ ಲಾಮು ಕಡೆಯ ಎಂಪೆಕೆಟೋನಿಯಲ್ಲಿ ಉಗ್ರರ ದಾಳಿಯಾದವು. 2014ರ ಮೇ ತಿಂಗಳಲ್ಲಿ ಬ್ರಿಟನ್ ಮೊಂಬಾಸಾಗೆ ಹೋಗಬೇಡಿ ಅಂದ ಕೂಡಲೇ ನೂರಾರು ಪ್ರವಾಸಿಗರನ್ನು ರಜೆಯ ನಡುವೆಯೇ ವಿಮಾನ ಹತ್ತಿಸಿ ಕರೆದೊಯ್ದರು. ಸಾಲುಸಾಲು ಹೋಟೆಲುಗಳು ಮುಚ್ಚಿದವು, ಕೆಲವು ಮತ್ತೆ ತೆರೆಯಲೇ ಇಲ್ಲ.

ಇನ್ನು ಹವಾಮಾನ. 1998ರಲ್ಲಿ ಕಡಲು ಬಿಸಿಯಾಗಿ ಕೀನ್ಯಾದ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿ ಸತ್ತಿತು. ಒಳನಾಡಿನಲ್ಲಿ 2022ರ ಬರಗಾಲದಲ್ಲಿ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ 205 ಆನೆಗಳು ಸತ್ತವು. ಬರ ಬಿದ್ದದ್ದು ಕರಾವಳಿಯ ಹೋಟೆಲುಗಳಿಂದ 'ಬೀಚಿನ ಜೊತೆ ಎರಡು ದಿನ ಸಫಾರಿ' ಅಂತ ಕರೆದೊಯ್ಯುವ ತ್ಸಾವೊ ಉದ್ಯಾನದ ಕಡೆಗೂ ತಟ್ಟಿತ್ತು. ಅದೇ ತ್ಸಾವೊವನ್ನು ಸೀಳಿಕೊಂಡು 2017ರಿಂದ ನೈರೋಬಿ–ಮೊಂಬಾಸಾ ಹೊಸ ರೈಲು ಓಡುತ್ತಿದೆ. ಆನೆ ದಾಟಲು ಕೆಳಸೇತುವೆಗಳನ್ನೂ ಕಟ್ಟಿದ್ದಾರೆ, ಆನೆಗಳು ಬಳಸುತ್ತವೆ ಕೂಡ. ಮಾರಾ ನದಿ ಹುಟ್ಟುವ ಮೌ ಕಾಡು ಕಡಿದು ಹೋದರೆ ಜುಲೈಯ ಆ ವಿಡಿಯೊಗೆ ನೀರೇ ಇರುವುದಿಲ್ಲ ಅನ್ನುವುದು ಇನ್ನೊಂದು ಮಾತು.

ಸರ್ಕಾರದ ಗಮನ ಎಲ್ಲಿದೆ? 2024ರಲ್ಲಿ ಸುಮಾರು 24 ಲಕ್ಷ ವಿದೇಶಿಯರು ಬಂದರು. ಅದನ್ನು ಕೆಲವೇ ವರ್ಷಗಳಲ್ಲಿ 50 ಲಕ್ಷಕ್ಕೆ ಏರಿಸಬೇಕು ಅನ್ನುವುದು ಗುರಿ. 2024ರ ಜನವರಿಯಿಂದ ವೀಸಾ ತೆಗೆದು ಆನ್‌ಲೈನ್ ಅನುಮತಿ ತಂದರು. ಇನ್ನೊಂದು ಕಡೆ ಮಾರಾ ಮೀಸಲಿನ 2023–32ರ ನಿರ್ವಹಣಾ ಯೋಜನೆ ಒಳಗೆ ಹೊಸ ಹೋಟೆಲು ಬೇಡ ಅನ್ನುತ್ತದೆ. ಆದರೂ 2025ರಲ್ಲಿ ಅಲ್ಲಿ ಒಂದು ಐಷಾರಾಮಿ ಕ್ಯಾಂಪ್ ತೆರೆಯಿತು, ಒಂದೊಂದು ಟೆಂಟಿಗೂ ಸ್ವಂತ ಈಜುಕೊಳ. ಪ್ರಾಣಿಗಳ ವಲಸೆ ದಾರಿಗೆ ಅಡ್ಡ ಅಂತ ಮಸಾಯಿ ಹೋರಾಟಗಾರರೊಬ್ಬರು ಕೋರ್ಟಿಗೆ ಹೋದರು, ಹಾಗೇನಿಲ್ಲ ಅಂತ ವನ್ಯಜೀವಿ ಇಲಾಖೆ ಹೇಳಿತು. ಜನವೂ ದುಪ್ಪಟ್ಟಾಗಬೇಕು, ಹಾಸಿಗೆಯೂ ಹೆಚ್ಚಬಾರದು, ಇವೆರಡೂ ಒಂದೇ ಜಾಗದಲ್ಲಿ ಹೇಗೆ ಸಾಧ್ಯ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಸ 26 ಲಕ್ಷ ಜನರನ್ನು ಕುರುವಿತು, ಗಾಜಿಯಂಥ ಕಡೆಗೆ ಹಂಚಿದರೆ ಒಂದು ಲೆಕ್ಕ, ಅದೇ ನದಿ ದಡಕ್ಕೆ ಅದೇ ಆಗಸ್ಟ್‌ನಲ್ಲಿ ತಂದು ಸುರಿದರೆ ಇನ್ನೊಂದು ಲೆಕ್ಕ.

ಕೀನ್ಯಾಕ್ಕೆ ಜಾಸ್ತಿ ಜನ ಹೋಗುವ ದೇಶಗಳ ಮುಂಚೂಣಿಯಲ್ಲಿ ಭಾರತವೂ ಇದೆ, ವರ್ಷಕ್ಕೆ ಲಕ್ಷದ ಆಸುಪಾಸು. ಬೆಂಗಳೂರಿನಿಂದ ಹೋಗುವವರೂ ಅದರಲ್ಲಿ ಕಡಿಮೆಯೇನಿಲ್ಲ. ಗಾಡಿಯಲ್ಲಿ ಕೂತು 'ಇನ್ನೂ ಸ್ವಲ್ಪ ಹತ್ತಿರ ಹೋಗಪ್ಪ, ಟಿಪ್ಸ್ ಕೊಡ್ತೀವಿ' ಅನ್ನುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಚಾಲಕನ ಸಂಬಳ ಸಣ್ಣದು, ಟಿಪ್ಸ್ ದೊಡ್ಡದು, ಅವನು ಗೆರೆ ದಾಟುತ್ತಾನೆ. ದಂಡ ಬಿದ್ದರೆ ಅವನಿಗೆ, ಫೋಟೊ ನಮಗೆ.

ಹೋಗುವ ಯೋಚನೆ ಇದ್ದರೆ ಟೂರ್ ಏಜೆಂಟರನ್ನು ಎರಡು ವಿಷಯ ಕೇಳಿ. ಉಳಿಯುವ ಕ್ಯಾಂಪ್ ಮೀಸಲು ಪ್ರದೇಶದ ಒಳಗೋ ಕನ್ಸರ್ವೆನ್ಸಿಯಲ್ಲೋ, ಕನ್ಸರ್ವೆನ್ಸಿಯಾದರೆ ಯಾವುದು? ಹೆಸರು ಹೇಳಲು ತಡವರಿಸಿದರೆ ಬೇರೆ ಏಜೆಂಟರನ್ನು ಹುಡುಕಿ. ಕನ್ಸರ್ವೆನ್ಸಿ ದುಬಾರಿ, ಎಲ್ಲರ ಕೈಗೆಟುಕುವುದಿಲ್ಲ ಅನ್ನುವುದು ಗೊತ್ತು, ಆ ಬಗ್ಗೆ ನನಗೂ ಬೇಜಾರಿದೆ. ಎಟುಕದಿದ್ದರೆ ಕನಿಷ್ಠ ತಿಂಗಳು ಬದಲಿಸಿ. ಜನವರಿ, ಫೆಬ್ರವರಿಯಲ್ಲಿ ವೈಲ್ಡ್‌ಬೀಸ್ಟ್ ಹಿಂಡು ದಕ್ಷಿಣ ಸೆರೆಂಗೆಟಿಯಲ್ಲಿ ಮರಿ ಹಾಕುತ್ತಿರುತ್ತದೆ, ಮಾರಾದಲ್ಲಿ ನದಿ ದಾಟುವ ದೃಶ್ಯ ಸಿಗುವುದಿಲ್ಲ. ಸಿಂಹ, ಚೀತಾ, ಆನೆ, ಜಿರಾಫೆ ಎಲ್ಲೂ ಹೋಗಿರುವುದಿಲ್ಲ. ಶುಲ್ಕ ಅರ್ಧ, ಗಾಡಿಗಳೂ ಕಡಿಮೆ, ಮೊಂಬಾಸಾ ಕಡೆ ಕಡಲೂ ಆಗ ತಿಳಿಯಾಗಿರುತ್ತದೆ. ಗಾಜಿಯ ಮೀನು ಸಾರಿಗೆ ಮಾತ್ರ ಒಂದು ದಿನ ಮೊದಲೇ ಹೇಳಿಬಿಡಿ.